ಆ ರಿಜಿಸ್ಟರ್ ತೆರೆಸಿ ನೋಡಿ, ಸಚಿವರೇ

ಮಾನ್ಯ ಆರೋಗ್ಯ ಸಚಿವರೇ,

ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯ ನಿಯಮ ತಮಗೆ ತಿಳಿಯದ್ದೇನಲ್ಲ. ಅದು 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ನಿದ್ದೆಗೆ, ಆತಂಕಕ್ಕೆ ಕೊಡುವ ಡಯಾಜೆಪಾಮ್, ಅಲ್ಪ್ರಜೋಲಾಮ್‌ನಂಥ ಮಾತ್ರೆ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಟ್ಟಿರಬೇಕು. ಆರು ವರ್ಷ ಇಂಥದೇ ಮಾತ್ರೆ ಕೊಟ್ಟ ಔಷಧ ಅಂಗಡಿಯಲ್ಲಿ ನನ್ನ ಅಮ್ಮನ ಹೆಸರನ್ನು ಯಾರೂ ಕೇಳಲಿಲ್ಲ.

ಅಪ್ಪ ತೀರಿಕೊಂಡಾಗ ನಿದ್ದೆಗೆಂದು ವೈದ್ಯರು ಹತ್ತು ದಿನಕ್ಕೆ ಬರೆದ ಚೀಟಿ ಅದು. ಹರಿಯದಿರಲೆಂದು ಅಮ್ಮ ಅದನ್ನು ತೊಳೆದ ಹಾಲಿನ ಕವರಿನಲ್ಲಿ ಮಡಿಸಿಟ್ಟಿದ್ದಳು. ಬರಬರುತ್ತ ಚೀಟಿಯೂ ಬೇಕಾಗಲಿಲ್ಲ, ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಾಗುತ್ತಿತ್ತು. ಮರೆವು ಹೆಚ್ಚಿತು. ಎಂದೂ ಗದರದವಳು ಮೊಮ್ಮಗನ ಮೇಲೆ ಕೈ ಎತ್ತಿದಳು. ವಯಸ್ಸಾಯಿತು ಎಂದುಕೊಂಡೆವು.

ಕಳೆದ ಆಷಾಢದಲ್ಲಿ ಅಂಗಡಿಯಲ್ಲಿ ಮಾತ್ರೆ ಮುಗಿದಿತ್ತು. ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ದೀಪ ಕಂಡು ಹೋದೆ. ‘ನಿಮ್ಮಪ್ಪ ಬಸ್ ಇಳಿದಿರುತ್ತಾರೆ, ಕಾಫಿಗೆ ಇಟ್ಟಿದ್ದೇನೆ’ ಎಂದಳು. ಲೋಟ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಗೋಡೆಯ ಮೇಲೆ ಇರುವೆ ಎಂದು ಸೆರಗಿನಿಂದ ಒರೆಸತೊಡಗಿದಳು. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಬೆಳಗಿನ ಜಾವ ಫಿಟ್ಸ್ ಬಂದು ಒಲೆಯ ಪಕ್ಕದಲ್ಲೇ ಬಿದ್ದಳು.

ಮೆದುಳು ಈ ಮಾತ್ರೆಗೆ ಒಗ್ಗಿಕೊಂಡುಬಿಡುತ್ತದೆ, ಥಟ್ಟನೆ ನಿಂತರೆ ಭ್ರಮೆ, ಫಿಟ್ಸ್ ಬರಬಹುದು ಎಂದು ಮನೋವೈದ್ಯರು ವಿವರಿಸಿದರು. ಮರೆವು, ಗೊಂದಲ, ಕೆಲವೊಮ್ಮೆ ಆ ಸಿಟ್ಟು ಕೂಡ ಮಾತ್ರೆಯಿಂದಲೇ ಬರುತ್ತದಂತೆ. ಮತ್ತೆ ಅದನ್ನೇ ಕೊಟ್ಟು, ಎಂಟು ತಿಂಗಳು ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸಿದರು. ಈಗ ಅಮ್ಮ ಮೊಮ್ಮಗನಿಗೆ ಮಗ್ಗಿ ಹೇಳಿಕೊಡುತ್ತಾಳೆ. ಆರು ವರ್ಷ ನಮ್ಮ ಮನೆಯಲ್ಲಿ ಇದ್ದವಳು ಯಾರು, ಸ್ವಾಮಿ?

ರಿಜಿಸ್ಟರ್ ತಪಾಸಣೆ ಮಾಡಿಸಿ ಎಂದು ಎರಡು ಅರ್ಜಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿಟ್ಟರೆ ಏನೂ ಬರಲಿಲ್ಲ. ಸ್ಟ್ರಿಪ್ಪಿನ ಕೆಂಪು ಚೌಕಟ್ಟಿನಲ್ಲಿ ಎಚ್ಚರಿಕೆ ಇದೆ, ಇಂಗ್ಲಿಷಿನಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಮಾತ್ರೆಯ ಜೊತೆ ಒಂದು ಕನ್ನಡದ ಚೀಟಿ ಕೊಡಿಸಿ: ಎಷ್ಟು ದಿನ ನುಂಗಬೇಕು, ವೈದ್ಯರನ್ನು ಕೇಳದೆ ಏಕಾಏಕಿ ಬಿಡಬಾರದು ಎಂದು. ಅದಕ್ಕೂ ಮೊದಲು ರಿಜಿಸ್ಟರ್ ತೆರೆಸಿ. ಸಾವಿರ ಸಲ ಕೇಳಬೇಕಾದರೂ ಇದನ್ನೇ ಕೇಳುತ್ತೇನೆ, ರಿಜಿಸ್ಟರ್ ತೆರೆಸಿ. ಮೂರು ವರ್ಷದ್ದು ಇರಲೇಬೇಕಲ್ಲ. ತಮ್ಮ ಪರಿವೀಕ್ಷಕರ ಜೊತೆ ನಾನೂ ಬರುತ್ತೇನೆ, ಅಮ್ಮನ ಹೆಸರು ಯಾವ ಪುಟದಲ್ಲಿದೆ ಎಂದು ತೋರಿಸಲಿ.

ಇಂತಿ,
ಉತ್ತರಕ್ಕೆ ಕಾದಿರುವ ಒಬ್ಬ ಮಗಳು