ಮಕ್ಕಳದೇ ಹಿಮ್ಮೇಳ: ನಮ್ಮ ಯಕ್ಷಗಾನ ಕೇಂದ್ರದ ಪರವಾಗಿ ಕೃತಜ್ಞತೆಗಳು

ಕಳೆದ ಶನಿವಾರ ರಾತ್ರಿ ನಮ್ಮ ಕಲಾಕೇಂದ್ರದ ಮಕ್ಕಳು ಆಡಿದ ‘ಅಭಿಮನ್ಯು ಕಾಳಗ’ದಲ್ಲಿ ಪದ್ಯ ಹಾಡುವ ಭಾಗವತಿಕೆ, ಮದ್ದಳೆ, ಚೆಂಡೆ ಈ ಮೂರೂ ಸೇರಿದ ಹಿಮ್ಮೇಳವನ್ನು ಮೊದಲಿನಿಂದ ಕೊನೆಯವರೆಗೆ ನಿರ್ವಹಿಸಿದವರು ನಮ್ಮಲ್ಲಿಯೇ ಕಲಿತ ವಿದ್ಯಾರ್ಥಿಗಳು. ಕೇಂದ್ರ ಆರಂಭವಾದಂದಿನಿಂದ ಮಕ್ಕಳು ವೇಷ ಕಟ್ಟುತ್ತಲೇ ಬಂದಿದ್ದಾರೆ. ಆದರೆ ಹಿಮ್ಮೇಳಕ್ಕೆ ಪ್ರತಿ ಬಾರಿಯೂ ಹೊರಗಿನ ಕಲಾವಿದರನ್ನು ಕರೆಸುತ್ತಿದ್ದೆವು. ಪೂರ್ವರಂಗದಿಂದ ಮಂಗಳದವರೆಗೆ ಆ ನೆರವಿಲ್ಲದೆ ನಡೆದ ನಮ್ಮ ಮೊದಲ ಆಟ ಇದು. ಆಟದ ನಡುವೆ ಮೈಕಿನ ಮುಂದೆ ಅವಸರದಲ್ಲಿ ಹೇಳಿ ಮುಗಿಸುವ ವಂದನಾರ್ಪಣೆ ಇದಕ್ಕೆ ಸಾಲದು ಎಂದು ಅನ್ನಿಸಿದ್ದರಿಂದ, ಸಮಿತಿಯ ಪರವಾಗಿ ಮತ್ತು ನನ್ನ ಸ್ವಂತ ಪರವಾಗಿಯೂ ಈ ಬರಹವನ್ನು ಬರೆಯುತ್ತಿದ್ದೇನೆ.

ಹಿಮ್ಮೇಳದ ವಿಷಯವನ್ನು ಇಷ್ಟು ದೊಡ್ಡದಾಗಿ ಹೇಳುವುದೇಕೆಂದು ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಯಕ್ಷಗಾನ ಕಲಿಯಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಬರುವುದು ಕುಣಿಯುವ ಆಸೆಯಿಂದ. ಮುಖಕ್ಕೆ ಬಣ್ಣ, ತಲೆಗೆ ಕೇದಗೆ ಮುಂದಲೆ, ಎದೆಯ ಮೇಲೆ ಎದೆಪದಕ, ಕಾಲಿಗೆ ಗೆಜ್ಜೆ ಇವು ಅವರನ್ನು ಎಳೆದು ತರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಹೆಜ್ಜೆ ಕಲಿತ ಮಗು ಒಂದು ವರ್ಷದೊಳಗೆ ಬಾಲಗೋಪಾಲನ ವೇಷದಲ್ಲಾದರೂ ರಂಗಕ್ಕೆ ಬರಬಹುದು. ಹಿಮ್ಮೇಳದಲ್ಲಿ ಹಾಗಲ್ಲ. ಮೊದಲು ಬಾಯಿತಾಳ, ಆಮೇಲೆ ಕೈತಾಳ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ, ತಿತ್ತಿತ್ತೈ ಎಂದು ಒಂದೊಂದು ತಾಳವನ್ನೂ, ಅದರ ನಡೆ, ಬಿಡ್ತಿಗೆ, ಮುಕ್ತಾಯಗಳ ಸಮೇತ ಕೈಗೆ ಹತ್ತಿಸಿಕೊಳ್ಳಬೇಕು. ಭಾಮಿನಿ, ವಾರ್ಧಕಗಳಂಥ ತಾಳವಿಲ್ಲದ ಪದ್ಯಗಳನ್ನು ಶ್ರುತಿ ತಪ್ಪದೆ, ಸಾಹಿತ್ಯ ನುಂಗದೆ ಹೇಳುವುದಕ್ಕೆ ಬೇರೆಯದೇ ಶಿಕ್ಷಣ ಬೇಕು. ಇಷ್ಟೆಲ್ಲ ಆದ ಮೇಲೂ ಫೋಟೋ ತೆಗೆಯುವವರು ಹಿಂದೆ ಕುಳಿತವರ ಕಡೆಗೆ ತಿರುಗುವುದು ಕಡಿಮೆ. ಆದ್ದರಿಂದ ಹಿಮ್ಮೇಳದ ತರಗತಿಗೆ ಮಕ್ಕಳನ್ನು ಹುಡುಕಿ ತರಬೇಕಾಗುತ್ತದೆ, ಬಂದವರನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಆ ತರಗತಿ 2020ರಲ್ಲಿ ನಿಂತೇಹೋಗುವ ಸ್ಥಿತಿಗೆ ಬಂದಿತ್ತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಊರೂರಿಗೆ ಹೋಗಿ ಆಟವಾಡುವ ವೃತ್ತಿಮೇಳಗಳ ತಿರುಗಾಟವೇ ಅರ್ಧಕ್ಕೆ ನಿಂತಿತು. ಬಯಲಿನಲ್ಲಿ ಆಟ ಕಂಡೇ ದಿನ ಕಳೆಯುತ್ತಿದ್ದ ಊರುಗಳಲ್ಲಿ ರಾತ್ರಿಯ ಚೆಂಡೆ ಕೇಳದಾಯಿತು. ಕುಣಿತದ ಪಾಠವನ್ನು ಮೊಬೈಲ್ ಪರದೆಯ ಮೂಲಕ ಹೇಗೋ ನಡೆಸಿದೆವು. ಆದರೆ ಹಿಮ್ಮೇಳವನ್ನು ಹಾಗೆ ಕಲಿಸಲಾಗುವುದಿಲ್ಲ. ಇಲ್ಲಿ ಬಾರಿಸಿದ ಪೆಟ್ಟು ಅಲ್ಲಿಗೆ ತಲಪುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ, ಇಬ್ಬರು ಕೂಡಿ ನುಡಿಸುವುದು ಸಾಧ್ಯವೇ ಇಲ್ಲ. ಏರು ಮದ್ದಳೆಗೆ (ಹೆಚ್ಚಿನ ಶ್ರುತಿಯ ಮದ್ದಳೆ) ಹೆಸರಾಗಿದ್ದ ಹಿರಿಯಡಕ ಗೋಪಾಲ ರಾಯರು ನೂರು ವರ್ಷ ದಾಟಿದ ತುಂಬು ಬಾಳನ್ನು ಮುಗಿಸಿ ನಮ್ಮನ್ನು ಅಗಲಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅವರಂಥವರ ಕೈಯ ನುಡಿಸಾಣಿಕೆಯನ್ನು ಕೇಳಿ ಬೆಳೆದ ನಮಗೆ, ಇನ್ನು ಮುಂದೆ ಇದನ್ನು ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆ ಆ ದಿನಗಳಲ್ಲಿ ಬಹಳ ಕಾಡಿತು. ನಿರ್ಬಂಧಗಳು ಸಡಿಲವಾಗಿ ತರಗತಿ ಮತ್ತೆ ತೆರೆದಾಗ ಕುಣಿತಕ್ಕೆ ಮಕ್ಕಳು ತುಂಬಿಕೊಂಡರು, ಹಿಮ್ಮೇಳಕ್ಕೆ ಬಂದವರು ಮೂರೇ ಮಂದಿ. ಸಮಿತಿಯ ಕೈಯಲ್ಲಿ ಹಣವಿರಲಿಲ್ಲ. ಮೂವರಿಗಾಗಿ ವಾರಕ್ಕೆರಡು ದಿನ ತರಗತಿ ನಡೆಸುವುದು ಸರಿಯೇ ಎಂಬ ಚರ್ಚೆ ಸಭೆಯಲ್ಲಿ ಗಂಭೀರವಾಗಿಯೇ ನಡೆಯಿತು.

ಆಗ ತರಗತಿಯನ್ನು ಉಳಿಸಿದವರು ನಮ್ಮ ಹಿಮ್ಮೇಳದ ಗುರುಗಳು. ತಮ್ಮ ಹೆಸರನ್ನು ಎಲ್ಲಿಯೂ ಹಾಕಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿರುವುದರಿಂದ ಇಲ್ಲಿಯೂ ಹಾಕುತ್ತಿಲ್ಲ. ವೃತ್ತಿಮೇಳಗಳಲ್ಲಿ ದಶಕಗಳ ಕಾಲ ಮದ್ದಳೆ ನುಡಿಸಿ, ಆರೋಗ್ಯದ ಕಾರಣದಿಂದ ತಿರುಗಾಟ ಬಿಟ್ಟವರು ಅವರು. ಸಂಭಾವನೆ ಕೊಡಲು ಸದ್ಯಕ್ಕೆ ಸಾಧ್ಯವಿಲ್ಲವೆಂದು ನಾವು ಸಂಕೋಚದಿಂದ ಹೇಳಿದಾಗ, “ಮೂರು ಮಂದಿ ಇದ್ದಾರಲ್ಲ, ಒಬ್ಬ ತಾಳ, ಒಬ್ಬ ಮದ್ದಳೆ, ಒಬ್ಬ ಚೆಂಡೆ, ಹಿಮ್ಮೇಳ ತುಂಬಿತು” ಎಂದರು. ಮಳೆಗಾಲದಲ್ಲಿ ಬಸ್ಸಿಳಿದು ಕೊಡೆ ಹಿಡಿದು ಕೆಸರಿನ ದಾರಿಯಲ್ಲಿ ನಡೆದುಬಂದು, ಮೊದಲ ಕೆಲವು ತಿಂಗಳು ವಾದ್ಯಗಳನ್ನು ಮುಟ್ಟಲೂ ಬಿಡದೆ, ಮಕ್ಕಳ ಬಾಯಲ್ಲಿ ತಾಳ ಹೇಳಿಸಿದರು. ಆ ವಯಸ್ಸಿನ ಮಕ್ಕಳಿಗೆ ಇದು ಬೇಸರ ತರುವ ಕೆಲಸ. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಹಾಡಿಕೆ ಈಗಲೂ ಮನೆಮನೆಯ ಮೊಬೈಲುಗಳಲ್ಲಿದೆ. ಅದನ್ನು ಕೇಳಿ ಹಾಗೆಯೇ ಹೇಳಬೇಕೆಂದು ಹಟ ಹಿಡಿಯುತ್ತಿದ್ದ ಹುಡುಗಿಯೊಬ್ಬಳಿಗೆ ಅವರು ಒಮ್ಮೆಯೂ ಗದರಲಿಲ್ಲ. ನಾವಡರ ಧ್ವನಿಯ ಹಿಂದೆ ತಾಳದ ಎಷ್ಟು ಗಟ್ಟಿಯಾದ ತಳಹದಿ ಇದೆಯೆಂಬುದನ್ನು ಅದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ನಿಲ್ಲಿಸಿ, ಕೈಯಲ್ಲಿ ತಾಳ ಹಾಕಿ ತೋರಿಸಿದರು. ಶನಿವಾರದ ಆಟದ ಮುಖ್ಯ ಭಾಗವತರು ಆ ಹುಡುಗಿಯೇ. ಗುರುಗಳೇ, ನಿಮಗೆ ನಾವು ಎಷ್ಟು ಕೊಟ್ಟರೂ ಕಡಿಮೆಯೆಂಬುದು ನಮಗೆ ಗೊತ್ತಿದೆ. ಕೊಡಬೇಕಾದ ಕಾಲದಲ್ಲಿ ಏನೂ ಕೊಡಲಾಗದಿದ್ದಾಗ ನೀವು ಬಂದಿರಿ ಎಂಬುದನ್ನು ಈ ಊರು ನೆನಪಿಟ್ಟುಕೊಳ್ಳುತ್ತದೆ.

ಅವರ ಜೊತೆಗೇ ಹೇಳಬೇಕಾದವರು ನಮ್ಮ ವಾದ್ಯಗಳನ್ನು ಸರಿಪಡಿಸಿಕೊಟ್ಟ ಹಿರಿಯರು. ಮುಚ್ಚಿಟ್ಟ ಕೋಣೆಯಲ್ಲಿ ಎರಡು ಮಳೆಗಾಲ ಕಳೆದ ಚರ್ಮವಾದ್ಯಗಳ ಗತಿ ಏನಾಗಿರುತ್ತದೆಂದು ಬಲ್ಲವರು ಬಲ್ಲರು. ಮದ್ದಳೆಯ ಮುಚ್ಚಿಗೆ (ಚರ್ಮದ ಹೊದಿಕೆ) ಸಡಿಲಾಗಿ, ಅದರ ಮೇಲಿನ ಕಪ್ಪು ಲೇಪವಾದ ಕರಣೆ ಬಿರುಕುಬಿಟ್ಟು, ಭಾಗವತರ ಶ್ರುತಿಗೆ ಕೂಡಿಸಲು ಸಾಧ್ಯವೇ ಆಗದಂತಿತ್ತು. ಚೆಂಡೆಯ ಒಂದು ಮಗ್ಗುಲು ಹರಿದಿತ್ತು. ಈ ಕೆಲಸ ಬಲ್ಲವರೇ ಈಗ ವಿರಳ, ಅವರ ಬಳಿ ವೃತ್ತಿಮೇಳಗಳ ವಾದ್ಯಗಳೇ ಸಾಲುಗಟ್ಟಿರುತ್ತವೆ. ಹಾಗಿದ್ದೂ ಮಕ್ಕಳ ವಾದ್ಯವೆಂದು ತಿಳಿದು ಅವರು ಮೊದಲು ನಮ್ಮದನ್ನು ಕೈಗೆತ್ತಿಕೊಂಡರು. ಅಷ್ಟು ಮಾತ್ರವಲ್ಲ, ಮುಚ್ಚಿಗೆ ಬಿಗಿಯುವುದು ಹೇಗೆ, ಕರಣೆ ಹಾಕುವುದು ಹೇಗೆ ಎಂಬುದನ್ನು ನಮ್ಮ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನುಡಿಸುವವನಿಗೆ ತನ್ನ ವಾದ್ಯದ ಚರ್ಮ, ಮರ, ಹುರಿಗಳ ಪರಿಚಯವಿರಬೇಕೆಂಬುದು ಅವರ ಅಭಿಪ್ರಾಯ, ನನ್ನದೂ ಅದೇ. ದುರಸ್ತಿಯ ವೆಚ್ಚವನ್ನು ಭರಿಸಿದವರು ಬೆಂಗಳೂರು ಮತ್ತು ಮುಂಬಯಿಯಲ್ಲಿ ನೆಲೆಸಿರುವ ನಮ್ಮೂರ ಕೆಲವು ಕುಟುಂಬಗಳು. ಯಾರು ಎಷ್ಟು ಕೊಟ್ಟರೆಂಬ ಲೆಕ್ಕವನ್ನು ಸಮಿತಿಯ ಸಭೆಯಲ್ಲಿ ಮಂಡಿಸಿದ್ದೇವೆ. ಹೆಚ್ಚು ಕೊಟ್ಟವರಿಗೂ ಕಡಿಮೆ ಕೊಟ್ಟವರಿಗೂ ಇಲ್ಲಿ ಒಂದೇ ನಮಸ್ಕಾರ.

ಪದ್ಯ ಹೇಳುವವರಿಗೆ ಪದ್ಯದ ಅರ್ಥ ತಿಳಿದಿರಬೇಕು. ಇದಕ್ಕಾಗಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಪ್ರತಿ ಭಾನುವಾರ ಮಕ್ಕಳನ್ನು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಪ್ರಸಂಗದ ಪದ್ಯಗಳನ್ನು ಬಿಡಿಸಿ ಹೇಳಿದರು. ಪದ ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ತೆಗೆದುಕೊಂಡರೆ ಅರ್ಥ ಕೆಡುವುದಿಲ್ಲ, ಸುಭದ್ರೆ ಮಗನನ್ನು ತಡೆಯುವ ಪದ್ಯಕ್ಕೂ ದ್ರೋಣ ಚಕ್ರವ್ಯೂಹವನ್ನು ಒಡ್ಡುವ ಪದ್ಯಕ್ಕೂ ಹೇಳಿಕೆಯಲ್ಲಿ ಏನು ವ್ಯತ್ಯಾಸವಿರಬೇಕು ಎಂಬುದನ್ನೆಲ್ಲ ಅವರು ಸಂಗೀತದ ಮಾತೆತ್ತದೆ, ಬರಿಯ ಕನ್ನಡದ ಪಾಠವಾಗಿಯೇ ಕಲಿಸಿದರು. ವೇಷ ಕಟ್ಟಿ ಅರ್ಥ ಹೇಳುವ, ಎಂದರೆ ಪದ್ಯಕ್ಕೆ ತಕ್ಕ ಮಾತಾಡುವ ಮಕ್ಕಳಿಗೂ ಇದರಿಂದ ಬಂದ ಲಾಭ ಬಹಳ. ಉರು ಹೊಡೆದ ಮಾತುಗಳನ್ನು ಒಪ್ಪಿಸದೆ, ಪದ್ಯದ ಆಶಯ ಹಿಡಿದು ನಾಲ್ಕು ಮಾತನ್ನು ತಾವೇ ಕಟ್ಟಿ ಆಡಿದ್ದನ್ನು ಪ್ರೇಕ್ಷಕರು ಗಮನಿಸಿರಬಹುದು. ಟೀಚರ್, ಮಕ್ಕಳು ಭಾನುವಾರಗಳಲ್ಲಿ ನಿಮ್ಮ ಮನೆಯಲ್ಲಿ ತಿಂದ ಅವಲಕ್ಕಿಗೂ ಸೇರಿಸಿ ಇದು ಕೃತಜ್ಞತೆ.

ಹೆಣ್ಣುಮಕ್ಕಳ ಪೋಷಕರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ಹಿಮ್ಮೇಳದಲ್ಲಿ ಈಗ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಲೀಲಾವತಿ ಬೈಪಾಡಿತ್ತಾಯರು ದಶಕಗಳ ಹಿಂದೆಯೇ ರಾತ್ರಿಯಿಡೀ ಭಾಗವತಿಕೆ ಮಾಡಿ ಹಾಕಿದ ದಾರಿ ನಮ್ಮ ಕಣ್ಣೆದುರಿಗೆ ಇತ್ತು. ಆದರೂ ಹೆಣ್ಣುಮಗಳು ಚೆಂಡೆಯ ಕೋಲು ಹಿಡಿಯುತ್ತಾಳೆಂದರೆ ಹುಬ್ಬೇರಿಸುವವರು ಇನ್ನೂ ಇದ್ದಾರೆ. ಸಂಜೆ ತಡವಾಗುತ್ತದೆ, ಪರೀಕ್ಷೆ ಹತ್ತಿರ ಬರುತ್ತದೆ, ಸಂಬಂಧಿಕರು ಮಾತಾಡುತ್ತಾರೆ. ಇಷ್ಟೆಲ್ಲದರ ನಡುವೆ ಮಕ್ಕಳನ್ನು ಕಳುಹಿಸಿದ, ಸರದಿಯ ಮೇಲೆ ಬಂದು ತರಗತಿ ಮುಗಿಯುವವರೆಗೆ ಕಾದು ಎಲ್ಲರನ್ನೂ ಮನೆಮುಟ್ಟಿಸಿದ ಅಮ್ಮಂದಿರಿಗೆ, ತಮ್ಮ ರಿಕ್ಷಾದಲ್ಲಿ ಬಾಡಿಗೆ ತೆಗೆದುಕೊಳ್ಳದೆ ಮಕ್ಕಳನ್ನು ಕರೆದೊಯ್ದ ಅಣ್ಣನಿಗೆ ನಾವು ಋಣಿಗಳು. ಚೆಂಡೆಯ ಸದ್ದನ್ನು ವರ್ಷಗಟ್ಟಲೆ ಸಹಿಸಿದ ಅಕ್ಕಪಕ್ಕದ ಮನೆಯವರಿಗೂ ಅಷ್ಟೇ. ಕಲಿಯುವವರ ಚೆಂಡೆಯನ್ನು ಕೇಳುವುದು ಸುಲಭವಲ್ಲ.

ಶನಿವಾರದ ಆಟದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಲೇಬೇಕು. ಅಭಿಮನ್ಯುವಿನ ವೇಷ ಮಾಡಿದ್ದ ಹುಡುಗ ವ್ಯೂಹದ ಬಾಗಿಲಿನ ಸನ್ನಿವೇಶದಲ್ಲಿ ಪದ್ಯಕ್ಕೆ ಕುಣಿದು ನಿಂತವನು ಅರ್ಥ ಹೇಳಬೇಕಾದಲ್ಲಿ ಮಾತು ಮರೆತು ಸುಮ್ಮನಾದ. ಭಾಗವತರ ಸ್ಥಾನದಲ್ಲಿದ್ದ ಹುಡುಗಿ ಅವನ ಮುಖ ನೋಡಿದಳು, ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಳು. ಮದ್ದಳೆಯವನು ಕ್ಷಣವೂ ತಡಮಾಡದೆ ಅದೇ ನಡೆಗೆ ಕೂಡಿಕೊಂಡ, ಚೆಂಡೆ ಮುಕ್ತಾಯ ಕೊಟ್ಟಿತು. ಅಷ್ಟರಲ್ಲಿ ಹುಡುಗನಿಗೆ ಮಾತು ನೆನಪಾಗಿತ್ತು. ಎದುರಿಗಿದ್ದವರಲ್ಲಿ ಎಷ್ಟೋ ಮಂದಿಗೆ ಅಲ್ಲಿ ಏನೋ ತಪ್ಪಿತೆಂದು ಗೊತ್ತೇ ಆಗಲಿಲ್ಲ. ಧ್ವನಿಮುದ್ರಿತ ಪದ್ಯಗಳಿಗೆ ಮಕ್ಕಳನ್ನು ಕುಣಿಸುವ ಪದ್ಧತಿ ಕೆಲವು ಕಡೆ ಶುರುವಾಗಿದೆ, ಖರ್ಚು ಉಳಿಯುತ್ತದೆಂಬ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಯಕ್ಷಗಾನದಲ್ಲಿ ಭಾಗವತರೇ ಆಟವನ್ನು ನಡೆಸುವವರು. ವೇಷಧಾರಿಯ ಕಾಲು ಸೋತರೆ ಲಯ ತಗ್ಗಿಸಿ, ಹುಮ್ಮಸ್ಸು ಬಂದರೆ ಪದ್ಯ ಬೆಳೆಸಿ, ದಾರಿ ತಪ್ಪಿದರೆ ಕೈಹಿಡಿದು ತರುವವರು. ಪೆಟ್ಟಿಗೆಯಿಂದ ಬರುವ ಪದ್ಯ ಎದುರಿಗಿರುವ ಮಗುವನ್ನು ನೋಡುವುದಿಲ್ಲ. ಈ ಕಾರಣಕ್ಕಾಗಿಯೇ ಮಕ್ಕಳ ಪ್ರಯೋಗಕ್ಕೆ ಜೀವಂತ ಹಿಮ್ಮೇಳವೇ ಬೇಕೆಂದು ನಾನು ವಾದಿಸುತ್ತ ಬಂದಿದ್ದೇನೆ.

ನಾವು ನಡೆದದ್ದು ಹೊಸ ದಾರಿಯೇನೂ ಅಲ್ಲ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ, ಸಾಲಿಗ್ರಾಮ ಮಕ್ಕಳ ಮೇಳ 1975ರಿಂದ ಈ ಭಾಗದಲ್ಲಿ ಮಾಡಿರುವ ಕೆಲಸ, ಹೊನ್ನಾವರದ ಕಡೆ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಕಲಾಕೇಂದ್ರ ಇವು ಇಲ್ಲದಿದ್ದರೆ ನಮ್ಮಂಥ ಸಣ್ಣ ಊರಿನ ಕೇಂದ್ರಕ್ಕೆ ಪಾಠಕ್ರಮವೆಂಬ ಕಲ್ಪನೆಯೇ ಬರುತ್ತಿರಲಿಲ್ಲ. ಆ ಹಿರಿಯರಿಗೆಲ್ಲ ನಮ್ಮ ಮಕ್ಕಳ ಪ್ರಣಾಮಗಳು.

ತರಗತಿಗೆ ಕೊಠಡಿ ಬಿಟ್ಟುಕೊಟ್ಟ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರು, ಕೊಯ್ಲಾದ ಗದ್ದೆಯನ್ನು ಆಟಕ್ಕೆಂದು ಹಸನು ಮಾಡಿಕೊಟ್ಟ ಮನೆಯವರು, ಮಧ್ಯಾಹ್ನದಿಂದಲೇ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕುಳಿತು ಅಷ್ಟೂ ಮಕ್ಕಳಿಗೆ ಬಣ್ಣ ಹಚ್ಚಿ ವೇಷ ಕಟ್ಟಿದ ಪ್ರಸಾಧನದವರು, ಧ್ವನಿ ಬೆಳಕಿನವರು, ದೇವಸ್ಥಾನದ ಪಾಕಶಾಲೆಯಲ್ಲಿ ಅನ್ನ ಸಾರು ಪಾಯಸ ಮಾಡಿ ಬಡಿಸಿದ ಭಟ್ಟರು ಮತ್ತು ಯುವಕ ಮಂಡಲದ ಗೆಳೆಯರು, ನಿಮ್ಮೆಲ್ಲರಿಗೂ ಮನಸಾರೆ ವಂದನೆಗಳು. ಕಾಲಮಿತಿಯ ಪ್ರಯೋಗವಾದರೂ ಮಂಗಳದವರೆಗೆ ಕುಳಿತ ಪ್ರೇಕ್ಷಕರಿಗೆ ಇನ್ನೂ ಹೆಚ್ಚು.

ಆಟದ ಖರ್ಚು ಕಳೆದು ಉಳಿದಿರುವ ಹಣದಲ್ಲಿ ಇನ್ನೊಂದು ಮದ್ದಳೆ ಮಾಡಿಸುವುದೆಂದು ಸಮಿತಿ ತೀರ್ಮಾನಿಸಿದೆ. ಒಂದೇ ವಾದ್ಯಕ್ಕೆ ಮಕ್ಕಳು ಸರದಿ ಕಾಯುವುದು ತಪ್ಪಲಿ. ಹಿಮ್ಮೇಳದ ಹೊಸ ತಂಡ ಶಾಲೆ ತೆರೆದ ಮೇಲೆ ಜೂನಿನಲ್ಲಿ ಆರಂಭವಾಗುತ್ತದೆ, ಶುಲ್ಕವಿಲ್ಲ, ಹತ್ತು ವರ್ಷ ತುಂಬಿದ ಯಾವ ಮಗುವೂ ಸೇರಬಹುದು. ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಹೋಗುವ ಹೂವಿನ ಕೋಲಿನ ಪದ್ಧತಿಯನ್ನು ನಮ್ಮ ಮಕ್ಕಳ ಹಿಮ್ಮೇಳದೊಂದಿಗೇ ನಡೆಸಬೇಕೆಂದಿದ್ದೇವೆ. ಮಕ್ಕಳನ್ನು ಬರಮಾಡಿಕೊಳ್ಳಲು ಇಷ್ಟವಿರುವ ಮನೆಯವರು ಗಣೇಶ ಚೌತಿಯ ಒಳಗೆ ಸಮಿತಿಗೆ ತಿಳಿಸಿದರೆ, ಯಾವ ದಿನ ಯಾವ ಕೇರಿಗೆ ಬರುವುದೆಂದು ನಿಗದಿಪಡಿಸಲು ಅನುಕೂಲವಾಗುತ್ತದೆ.