ಗೆಳೆಯನಿಗೊಂದು ಪತ್ರ: ದೆವ್ವದ ಸಿನಿಮಾ ನೋಡಿ ಹೆದರಿರೋ ನಿನ್ನ ಮಗಳ ಬಗ್ಗೆ

ಲೋ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮಗಳು ಮೊಬೈಲಲ್ಲಿ ಯಾವುದೋ ದೆವ್ವದ ಸಿನಿಮಾ ತುಣುಕು ನೋಡಿಬಿಟ್ಟು ಒಬ್ಬಳೇ ಮಲಗಲ್ಲ ಅಂತಾಳೆ, ಬಾತ್‌ರೂಮಿಗೆ ಹೋಗೋಕೂ ಯಾರಾದ್ರೂ ಜೊತೆಗಿರಬೇಕು, "ಅದೆಲ್ಲ ಸುಳ್ಳು ಪುಟ್ಟಿ, ಬರೀ ಸಿನಿಮಾ" ಅಂದ್ರೆ ಹೂಂ ಅಂತ ತಲೆ ಆಡಿಸ್ತಾಳೆ, ಲೈಟ್ ಆಫ್ ಮಾಡಿದ ತಕ್ಷಣ ಮತ್ತೆ ಅಳು. ಐದು ವರ್ಷದ ಮಗು ಕಣೋ ಅದು. ಫೋನ್ ಮಾಡೋಣ ಅಂದ್ಕೊಂಡೆ, ಆದ್ರೆ ಇದು ಫೋನಲ್ಲಿ ಎರಡು ಮಾತಾಡಿ ಮುಗಿಸೋ ವಿಷ್ಯ ಅಲ್ಲ, ಅದಕ್ಕೇ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೆ ಹಾಕ್ತಿದೀನಿ, ಇದೇ ಪಾಡು ಪಡ್ತಿರೋ ಬೇರೆ ಅಪ್ಪ ಅಮ್ಮಂದಿರೂ ಓದ್ಲಿ ಅಂತ.

ನನ್ನನ್ನ ಚಿಕ್ಕವನಿದ್ದಾಗ ಹೆದರಿಸಿದ್ದು 'ನಾ ನಿನ್ನ ಬಿಡಲಾರೆ'. 1979ರ ಸಿನಿಮಾ, ನಾನು ನೋಡಿದ್ದು ಎಷ್ಟೋ ವರ್ಷ ಆದ್ಮೇಲೆ ಟೀವಿಲಿ. ಎಲ್ರೂ ದೆವ್ವಕ್ಕೆ ಹೆದರಿದೆ ಅಂದ್ಕೊಂಡ್ರು. ಅಲ್ಲ. ನಾನು ಹೆದರಿದ್ದು ಅನಂತ್ ನಾಗ್‌ಗೆ. ಅಷ್ಟು ದಿನ ನಗುನಗ್ತಾ ಮಾತಾಡ್ತಿದ್ದ, ನಮ್ಮವರೇ ಅನ್ನಿಸ್ತಿದ್ದ ಮುಖ ಅದು, ಅದರೊಳಗೆ ಬೇರೆ ಯಾರೋ ಬಂದು ಕೂತ್ಕೊಂಡು ಅದೇ ಕಣ್ಣಿಂದ ನೋಡ್ತಿದಾರೆ ಅನ್ನೋದು ನನ್ನ ಕೈಲಿ ತಡಕೊಳ್ಳೋಕೆ ಆಗ್ಲಿಲ್ಲ. ಆಮೇಲೆ ರಾತ್ರಿ ಅಪ್ಪನ ಪಕ್ಕ ಮಲಗಿದ್ರೂ ನಿದ್ದೆ ಇಲ್ಲ, ಯಾಕಂದ್ರೆ ಅಪ್ಪ ಆ ಕಡೆ ತಿರುಗಿ ಮಲಗಿರೋರು, ಬೆನ್ನು ಮಾತ್ರ ಕಾಣ್ತಿತ್ತು, ಮುಖ ಯಾರದಿದ್ಯೋ ಅನ್ನೋದೇ ಭಯ. "ಅಪ್ಪಾ" ಅಂತ ಮೆಲ್ಲಗೆ ಕರೀತಿದ್ದೆ. ನಿದ್ದೆಗಣ್ಣಲ್ಲೇ "ಏನೋ" ಅನ್ನೋರು. ಆ ದನಿ ಅಪ್ಪಂದೇ ಅಂತ ಗೊತ್ತಾದ್ಮೇಲೆ ಸ್ವಲ್ಪ ಹೊತ್ತು ನೆಮ್ಮದಿ, ಆಮೇಲೆ ಮತ್ತೆ ಅನುಮಾನ, ಮತ್ತೆ "ಅಪ್ಪಾ". ಪಾಪ, ಒಂದ್ ದಿನಾನೂ ರೇಗ್ಲಿಲ್ಲ. ಯಾಕೆ ಕರೀತಿದೀಯ ಅಂತ ಕೇಳ್ಲೂ ಇಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ ಅಂತ ದೊಡ್ಡವನಾದ್ಮೇಲೆ ಗೊತ್ತಾಯ್ತು. ಅಮೆರಿಕದಲ್ಲಿ ಜೋಆನ್ ಕ್ಯಾಂಟರ್ ಅಂತ ಒಬ್ರು ಸಿನಿಮಾ, ಟೀವಿ ನೋಡಿ ಮಕ್ಕಳು ಹೆದರೋದರ ಬಗ್ಗೇನೇ ವರ್ಷಗಟ್ಟಲೆ ಸ್ಟಡಿ ಮಾಡಿದಾರೆ. ಚಿಕ್ಕ ಮಕ್ಕಳು ಯಾವ ಕಾರ್ಯಕ್ರಮ ನೋಡಿ ಹೆದರ್ತಾರೆ ಅಂತ 80ರ ದಶಕದಲ್ಲಿ ಪೋಷಕರನ್ನ ಕೇಳಿದ್ರೆ ತುಂಬಾ ಜನ ಹೇಳಿದ್ದು ಹಲ್ಕ್ ಸೀರಿಯಲ್ ಹೆಸ್ರು, ಕೋಪ ಬಂದಾಗ ಹಸಿರು ದೈತ್ಯ ಆಗಿಬಿಡೋ ಒಬ್ಬ ಸಾಧು ಮನುಷ್ಯನ ಕತೆ ಅದು. ಹಲ್ಕ್ ಒಳ್ಳೆಯವನು, ಜನರನ್ನ ಕಾಪಾಡೋನು, ದೊಡ್ಡವರ ಕಣ್ಣಿಗೆ ಅದರಲ್ಲಿ ಹೆದರೋಕೆ ಏನೂ ಇಲ್ಲ. ಆದ್ರೆ ಪುಟ್ಟ ಮಕ್ಕಳು ತುಂಬಾ ಹೆದರ್ತಿದ್ದಿದ್ದು ಆ ಸಾಧು ಮನುಷ್ಯ ಹಸಿರು ದೈತ್ಯ ಆಗಿ ಬದಲಾಗೋ ಆ ಗಳಿಗೆಯಲ್ಲೇ. ಸ್ವಲ್ಪ ದೊಡ್ಡ ಮಕ್ಕಳಿಗೆ ರೂಪ ಬದಲಾದ್ರೂ ಒಳಗಿರೋನು ಅವನೇ ಅಂತ ಗೊತ್ತಾಗುತ್ತೆ. ಚಿಕ್ಕವಕ್ಕೆ ಕಂಡಿದ್ದೇ ಸತ್ಯ. ಇದನ್ನ ಓದಿದಾಗ ಅಪ್ಪನ ಬೆನ್ನು ಕಣ್ಮುಂದೆ ಬಂತು ಕಣೋ.

ದನಿ ಬದಲಾದ್ರಂತೂ ದೊಡ್ಡವರೂ ನಡುಗ್ತಾರೆ. 1973ರ 'ದಿ ಎಕ್ಸಾರ್ಸಿಸ್ಟ್' ನೋಡಿದೀಯಲ್ಲ, ಆ ಹುಡುಗಿ ಲಿಂಡಾ ಬ್ಲೇರ್ ಬಾಯಿಂದ ಬರೋ ದೆವ್ವದ ದನಿ ಮರ್ಸಿಡಿಸ್ ಮೆಕೇಂಬ್ರಿಡ್ಜ್ ಅನ್ನೋ ಹಿರಿಯ ನಟಿದು, ಗಂಟಲು ಒರಟಾಗ್ಲಿ ಅಂತ ಆಕೆ ಹಸಿ ಮೊಟ್ಟೆ ನುಂಗಿ, ಸಿಗರೇಟ್ ಸೇದಿ ಡಬ್ ಮಾಡಿದ್ರು. ಬಾಯಿಂದ ಬಿಳಿ ಹಬೆ ಬರಬೇಕು ಅಂತ ಆ ಹುಡುಗಿ ಮಲಗೋ ರೂಮಿನ ಸೆಟ್‌ನೇ ಫ್ರೀಜರ್ ಥರ ತಣ್ಣಗೆ ಮಾಡಿಟ್ಟಿದ್ರು. ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಒಬ್ಬನೇ ರಾತ್ರಿ ಅದನ್ನ ನೋಡೋಕೆ ನನಗೆ ಇಷ್ಟ ಇಲ್ಲ. ದೊಡ್ಡವನಿಗೇ ಹೀಗಾದ್ರೆ "ಸುಳ್ಳು ಪುಟ್ಟಿ" ಅನ್ನೋ ಎರಡು ಪದ ಐದು ವರ್ಷದ ಮಗುಗೆ ಹೇಗೆ ಸಾಕಾಗುತ್ತೆ ಹೇಳು?

ಅದೇ ಕ್ಯಾಂಟರ್ ಅವರ ಕೆಲಸದಲ್ಲಿ ಕಂಡ ಇನ್ನೊಂದು ಮುಖ್ಯ ವಿಷ್ಯ ಇದು. ಏಳು ವರ್ಷದ ಒಳಗಿನ ಮಕ್ಕಳಿಗೆ ಬಾಯಿಮಾತಿನ ಸಮಾಧಾನ ಅಷ್ಟಾಗಿ ನಾಟಲ್ಲ. ತಬ್ಬಿಕೊಳ್ಳೋದು, ಪಕ್ಕದಲ್ಲಿ ಕೂತಿರೋದು, ಇಷ್ಟದ ಗೊಂಬೆ ಕೈಗೆ ಕೊಡೋದು, ಬೇರೆ ಏನಾದ್ರೂ ಆಟದ ಕಡೆ ಗಮನ ತಿರುಗಿಸೋದು, ಇವೇ ಕೆಲಸ ಮಾಡೋದು. ಕಣ್ಣು ಮುಚ್ಕೊಳ್ಳೋದೂ ಅಷ್ಟೇ, ಪುಟ್ಟ ಮಕ್ಕಳಿಗೆ ಅದರಿಂದ ಭಯ ಕಮ್ಮಿ ಆಗುತ್ತಂತೆ, ದೊಡ್ಡ ಮಕ್ಕಳಿಗೆ ಕಣ್ಣು ಮುಚ್ಕೋ ಅಂದ್ರೆ ಭಯ ಇನ್ನೂ ಜಾಸ್ತಿ ಆಯ್ತಂತೆ. ನನಗನ್ಸುತ್ತೆ, ಕಣ್ಣು ಮುಚ್ಚಿದ್ರೂ ಕಿವಿ ತೆರೆದೇ ಇರುತ್ತಲ್ಲ, ಕಾಣದೇ ಇರೋದನ್ನ ಅವರ ತಲೆ ತಾನೇ ಚಿತ್ರ ಬರ್ಕೊಳ್ಳುತ್ತೆ. ಭಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸೌಂಡ್‌ದೇ ಕೆಲಸ. 'ಸೈಕೋ' ಸಿನಿಮಾದ ಶವರ್ ಸೀನನ್ನ ಮ್ಯೂಟ್ ಮಾಡಿ ನೋಡು, ಬರ್ನಾರ್ಡ್ ಹರ್ಮನ್ ಅವರ ಆ ಪಿಟೀಲು ಕಿರುಚಾಟ ಇಲ್ಲದೆ ಬೇರೇನೇ ಸೀನ್ ಥರ ಇರುತ್ತೆ. ಅಂದ ಹಾಗೆ ಅದರಲ್ಲಿ ಹರಿಯೋ ರಕ್ತ ಚಾಕಲೇಟ್ ಸಿರಪ್, ಕಪ್ಪು ಬಿಳುಪು ಅಲ್ವಾ, ಯಾರಿಗೆ ಗೊತ್ತಾಗ್ಬೇಕು.

ಇಂಥ ಹೇಗೆ-ಮಾಡಿದ್ರು ಕತೆ ಎಂಟೊಂಬತ್ತು ವರ್ಷ ಆದ್ಮೇಲೆ ಔಷಧಿ ಥರ ಕೆಲಸ ಮಾಡುತ್ತೆ. 1998ರ ಜಪಾನಿ 'ರಿಂಗು' ಸಿನಿಮಾದಲ್ಲಿ ಒಬ್ಬಳು ದೆವ್ವದ ಹುಡುಗಿ ಮುಖದ ಮೇಲೆ ಕೂದಲು ಬಿಟ್ಕೊಂಡು ಬರ್ತಾಳಲ್ಲ, ಆ ವಿಚಿತ್ರ ನಡಿಗೆಗೆ ನಟಿನ ಹಿಂದಕ್ಕೆ ನಡೆಸಿ ಶೂಟ್ ಮಾಡಿ ಆಮೇಲೆ ರಿವರ್ಸ್ ಓಡಿಸಿದಾರೆ. ನನ್ನ ಅಕ್ಕನ ಮಗ ಅವಳನ್ನ ನೆನೆಸ್ಕೊಂಡೇ ಬಿಳಿಚ್ಕೊಳ್ತಿದ್ದ, ನಾವಿಬ್ರೂ ಸೇರಿ ಮೊಬೈಲಲ್ಲಿ ಅವನು ಹಿಂದಕ್ಕೆ ನಡೆಯೋ ವಿಡಿಯೋ ಮಾಡಿ ರಿವರ್ಸ್ ಹಾಕಿ ನೋಡಿದ್ವಿ, ಅವನ ಕಾಲು ನೆಲ ಮುಟ್ಟೋ ರೀತಿನೇ ಬೇರೆ ಆಗ್ಬಿಟ್ಟಿತ್ತು, ಭುಜ ಮೊದ್ಲು ಎಳೆದ ಹಾಗೆ, ಹಿಮ್ಮಡಿ ಆಮೇಲೆ. ಇನ್ನೊಂದ್ ಸಲ, ಇನ್ನೊಂದ್ ಸಲ ಅಂತ ಸಂಜೆ ತನಕ ಬಿಡ್ಲಿಲ್ಲ. ಅವನಿಗೆ ಹತ್ತು ವರ್ಷ ಆಗ. ನಿನ್ನ ಮಗಳಿಗೆ ಈಗಲೇ ಇದನ್ನ ಮಾಡಿಸ್ಬೇಡ.

ಅವಳ ವಯಸ್ಸಿಗೆ ಸರಿಯಾದದ್ದು ಅಂದ್ರೆ ನನಗೆ ನೆನಪಾಗೋದು ಮಾರ್ಗರೆಟ್ ಹ್ಯಾಮಿಲ್ಟನ್. 1939ರ 'ದಿ ವಿಝರ್ಡ್ ಆಫ್ ಆಝ್' ಸಿನಿಮಾದಲ್ಲಿ ಹಸಿರು ಮುಖದ ಮಾಟಗಾತಿ ಮಾಡಿ ಎಷ್ಟೋ ಮಕ್ಕಳ ನಿದ್ದೆ ಕೆಡಿಸಿದವರು, ಅವರು ಮೊದ್ಲು ಶಿಶುವಿಹಾರದ ಟೀಚರ್ ಆಗಿದ್ರು ಗೊತ್ತಾ. 1975ರಲ್ಲಿ ಫ್ರೆಡ್ ರೋಜರ್ಸ್ ಅವರ ಮಕ್ಕಳ ಕಾರ್ಯಕ್ರಮಕ್ಕೆ ಮಾಮೂಲಿ ಬಟ್ಟೆಯಲ್ಲಿ ಬಂದು, ಮಾತಾಡ್ತಾ ಮಾತಾಡ್ತಾ ಕ್ಯಾಮೆರಾ ಮುಂದೇನೇ ಮಾಟಗಾತಿ ವೇಷ ಒಂದೊಂದಾಗಿ ಹಾಕ್ಕೊಂಡ್ರು. ಸುಳ್ಳು ಕಣ್ರೋ ಅಂತ ಬರೀ ಹೇಳಿ ಹೋಗ್ಲಿಲ್ಲ ಆಕೆ, ವೇಷ ಬದಲಾಗ್ತಿದ್ರೂ ಮಾತಾಡ್ತಿರೋ ಅಜ್ಜಿ ಅದೇ ಅಜ್ಜಿ ಅಂತ ಮಕ್ಕಳು ಕಣ್ಣಾರೆ ನೋಡೋ ಹಾಗೆ ಮಾಡಿದ್ರು. ಎಂಥ ಪ್ರೀತಿಯ ಕೆಲಸ ಅದು! ರೋಜರ್ಸ್ ಆಮೇಲೆ ಹಲ್ಕ್ ಸೆಟ್‌ಗೂ ಹೋಗಿ ಹಲ್ಕ್ ಪಾತ್ರ ಮಾಡ್ತಿದ್ದ ಲೂ ಫೆರಿಗ್ನೋಗೆ ಹಸಿರು ಬಣ್ಣ ಹಚ್ಚೋದನ್ನ ತೋರಿಸಿದ್ರು.

ನೀನೂ ಹಗಲು ಹೊತ್ತು, ಅವಳು ಖುಷಿಯಾಗಿರೋವಾಗ ಇದನ್ನ ಮಾಡ್ಬಹುದು. ಮೀಸೆ ಬರ್ಕೊಳ್ಳಿ, ತಲೆಗೆ ಟವೆಲ್ ಸುತ್ಕೊಳ್ಳಿ, ಅವಳೇ ನಿನ್ನ ಮುಖಕ್ಕೆ ಬಣ್ಣ ಹಚ್ಚಲಿ, ಅವಳೇ ಒರೆಸ್ಲಿ, ಮಧ್ಯ ಮಧ್ಯ ನಿನ್ನ ಮಾಮೂಲಿ ದನಿಲಿ ಮಾತಾಡ್ತಾ ಇರು. ತಮಾಷೆಗೂ ದೆವ್ವದ ದನಿ ಮಾಡ್ಬೇಡ ದಯವಿಟ್ಟು. ರಾತ್ರಿ ಅವಳು ಹತ್ತು ಸಲ ಕರೆದ್ರೆ ಹತ್ತು ಸಲನೂ ಓಗೊಡು. ಅಭ್ಯಾಸ ಆಗಿಬಿಡುತ್ತೆ, ಮುದ್ದು ಜಾಸ್ತಿ ಆಯ್ತು ಅಂತ ಮನೇಲಿ ಯಾರಾದ್ರೂ ಅಂದ್ರೆ ಈ ಪತ್ರ ತೋರಿಸು. ಇಷ್ಟು ದೊಡ್ಡವಳಾಗಿ ಹೆದರ್ತೀಯಾ ಅಂತ ಯಾರೂ ಅವಳನ್ನ ನೋಡಿ ನಗೋ ಹಾಗೆ ಮಾತ್ರ ಬಿಡ್ಬೇಡ, ನಕ್ಕರೆ ಮಗು ಹೆದರೋದು ನಿಲ್ಲಿಸಲ್ಲ, ಹೇಳೋದನ್ನ ನಿಲ್ಲಿಸುತ್ತೆ. 1999ರಲ್ಲಿ ಪ್ರಕಟವಾದ ಒಂದು ಸ್ಟಡಿಲಿ ಕ್ಯಾಂಟರ್, ಹ್ಯಾರಿಸನ್ ಅನ್ನೋ ಇನ್ನೊಬ್ಬ ಸಂಶೋಧಕಿ ಇಬ್ರೂ ಸೇರಿ ಕಾಲೇಜು ವಿದ್ಯಾರ್ಥಿಗಳನ್ನ ಕೇಳಿದಾಗ ಸುಮಾರು 90% ಜನ ಚಿಕ್ಕಂದಿನಲ್ಲಿ ನೋಡಿದ ಯಾವುದೋ ಒಂದು ಸಿನಿಮಾನೋ ಟೀವಿನೋ ತಮ್ಮನ್ನ ಹೆದರಿಸಿದ್ದು ನೆನಪಿಸ್ಕೊಂಡ್ರು, ನಾಲ್ಕರಲ್ಲಿ ಒಬ್ರಿಗೆ ಆ ಭಯ ಇನ್ನೂ ಪೂರ್ತಿ ಹೋಗಿರ್ಲಿಲ್ಲ. ಹಾಗಾಗಿ ಇದು ಸಣ್ಣ ವಿಷ್ಯ, ತಾನಾಗೇ ಮರೆತುಹೋಗುತ್ತೆ ಅಂತ ಬಿಟ್ಬಿಡ್ಬೇಡ.

ಆ ಕ್ಲಿಪ್ ಲಿಂಕ್ ನನಗೆ ಕಳಿಸು, ಅವಳ ಮುಂದೆ ಓಪನ್ ಮಾಡ್ಬೇಡ. ನಾನು ನೋಡಿ, ಅದನ್ನ ಹೇಗೆ ಶೂಟ್ ಮಾಡಿದಾರೆ, ಆ ಪಾತ್ರ ಮಾಡಿದವರ ಮೇಕಪ್ ಇಲ್ಲದ ನಗುಮುಖದ ಫೋಟೋ ಸಿಗುತ್ತಾ ಅಂತ ಹುಡುಕ್ತೀನಿ, ಸಿಕ್ರೆ ಎತ್ತಿಟ್ಟಿರ್ತೀನಿ, ಅವಳಾಗೇ ಕೇಳಿದ ದಿನ ತೋರಿಸು.

ನಿನ್ನ ಗೆಳೆಯ