ಗುಂಟೆ ಲೆಕ್ಕದ ನಕ್ಷೆ ಕೊಡಿ

ಮಾನ್ಯ ಸಂಪಾದಕರೇ,

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅದೇ ವಾರ ನಮ್ಮ ಭಾವನ ಮನೆಗೂ ಮೊಣಕಾಲುದ್ದ ನೀರು ನುಗ್ಗಿತು. ಸರ್ಜಾಪುರ ರಸ್ತೆಯಿಂದ ಒಳಗೆ ಒಂದು ಲೇಔಟ್, 30×40 ಅಡಿ ಸೈಟು. ಕೊಳ್ಳುವಾಗ ಕಾಗದಪತ್ರ ಎಲ್ಲ ಸರಿಯಾಗೇ ಇತ್ತು. ನೀರು ಇಳಿದ ಮೇಲೆ ಅವರ ಮಗ ಗೂಗಲ್ ಅರ್ತ್‌ನಲ್ಲಿ ಹಳೇ ಚಿತ್ರ ತೆಗೆದು ತೋರಿಸಿದ. ಈಗ ಅಡುಗೆಮನೆ ಇರುವ ಜಾಗದ ಮೇಲೇ ಒಂದು ಕಪ್ಪು ಗೆರೆ, ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯವರೆಗೆ. ಅದು ಕಾಲುವೆ ಅಂತ ಹೇಳೋಕೆ ವಿಜ್ಞಾನಿಯೇ ಬೇಕಿಲ್ಲ, ಅಲ್ವಾ?

ನನ್ನ ತಕರಾರು ಇಷ್ಟೇ. ಈ ಚಿತ್ರಗಳೇನೂ ಗುಟ್ಟಿನವಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿ 1972ರಿಂದ ತೆಗೆಯುತ್ತಿದೆ, 2008ರಿಂದ ಅವು ಪುಕ್ಕಟೆ. ಇಸ್ರೋದ ಭುವನ್ ನಕ್ಷೆ ಜಾಲತಾಣ 2009ರಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಟಿ.ವಿ. ರಾಮಚಂದ್ರ ಅವರ ತಂಡ ಇವನ್ನೇ ಇಟ್ಟುಕೊಂಡು ಬೆಂಗಳೂರು ಹಬ್ಬಿದ ಪರಿಯನ್ನು ವರ್ಷಗಳಿಂದ ಅಳೆಯುತ್ತಾ ಬಂದಿದೆ. 1973ರಲ್ಲಿ ಶೇ 8ರಷ್ಟಿದ್ದ ಕಟ್ಟಡ, ರಸ್ತೆ ಈಗ ಮುಕ್ಕಾಲು ಭಾಗವನ್ನೂ ದಾಟಿದೆ. ಪತ್ರಿಕೆಯಲ್ಲಿ ಓದುತ್ತೇವೆ, ಅಯ್ಯೋ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ. ಇಡೀ ಊರಿನ ಶೇಕಡಾ ಲೆಕ್ಕ ಹಿಡಿದುಕೊಂಡು ಸೈಟು ಕೊಳ್ಳುವವನು ಏನು ಮಾಡಬೇಕು?

ನಮಗೆ ಬೇಕಿರುವುದು ಗುಂಟೆ ಲೆಕ್ಕದ ನಕ್ಷೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ 30 ಮೀಟರ್ ಚೌಕ, ಅಂದರೆ ಸುಮಾರು 9 ಗುಂಟೆ. ಅದರೊಳಗೆ 30×40ರ ಎಂಟು ಸೈಟು ಹಿಡಿಸುತ್ತವೆ. 2015ರಿಂದ ಸುತ್ತುತ್ತಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದ ಚುಕ್ಕಿ 10 ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆಯೇ! ಅದೂ ಪುಕ್ಕಟೆ. ಅದರಲ್ಲಿ ವರ್ಷ ವರ್ಷ ನೋಡುತ್ತಾ ಹೋದರೆ ರಾಗಿ ಹೊಲದ ಹಸಿರು ಹೋಗುತ್ತದೆ, ಆಮೇಲೆ ಚೌಕಾಬಾರದ ಮನೆಯಂತೆ ಕೆಮ್ಮಣ್ಣಿನ ರಸ್ತೆಗಳು ಮೂಡುತ್ತವೆ, ಮನೆ ಏಳುವುದು ಎಷ್ಟೋ ಕಾಲದ ಮೇಲೆ. ಆ ಕೆಮ್ಮಣ್ಣಿನ ಹಂತದಲ್ಲೇ ಹಿಡಿಯಬೇಕು. ಗೋಡೆ ಎದ್ದ ಮೇಲೆ ಜೆಸಿಬಿ ತಂದರೆ ಅಳುವವನು ಸಾಲ ಮಾಡಿ ಕೊಂಡವನು, ಮಾರಿದವನಲ್ಲ.

ಹಾಗಂತ ಉಪಗ್ರಹ ಹೇಳಿದ್ದೇ ವೇದವಾಕ್ಯ ಅನ್ನುತ್ತಿಲ್ಲ. ಜೊಂಡು, ಕಳೆ ಮುಚ್ಚಿದ ಕೆರೆ ಮೇಲಿನಿಂದ ಹಸಿರಾಗಿ ಕಂಡು ಗಿಡಮರದ ಲೆಕ್ಕಕ್ಕೆ ಸೇರಿಬಿಡಬಹುದು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ, ಉತ್ತು ಬಿಟ್ಟ ಕೆಂಪು ಹೊಲ ಕಂಪ್ಯೂಟರಿಗೆ ಕಟ್ಟಡದಂತೆ ಕಾಣುವುದೂ ಉಂಟು. ಮಳೆಗಾಲದಲ್ಲಂತೂ ಬರೀ ಮೋಡ. ಅದಕ್ಕೇ ನಕ್ಷೆ ಹಿಡಿದು ಜಾಗಕ್ಕೆ ಹೋಗಿ ನೋಡುವವರು ಬೇಕು. ಊರಲ್ಲಿ ಕೆರೆ ನೀರು ಬಿಡುತ್ತಿದ್ದ ಹಳೇ ನೀರಗಂಟಿ ಮನೆಯವರಿದ್ದರೆ ಅವರನ್ನು ಕೇಳಿ, ಕಾಲುವೆ ಎಲ್ಲಿತ್ತು ಅಂತ ಕಣ್ಣು ಮುಚ್ಚಿ ಹೇಳುತ್ತಾರೆ.

ಇನ್ನೊಂದು, ನಕ್ಷೆ ನಗರದ ಗಡಿಗೆ ನಿಲ್ಲಬಾರದು. ಐಐಎಸ್‌ಸಿಯವರು ಗಡಿಯಿಂದ ಆಚೆ 10 ಕಿ.ಮೀ.ವರೆಗೂ ನೋಡಿದ್ದು ಸುಮ್ನೆ ಅಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಕಡೆ ಏನಾಯಿತು ನೋಡಿ. ಆನೇಕಲ್, ಹೊಸಕೋಟೆ, ನೆಲಮಂಗಲದಲ್ಲೂ ಅದೇ ಕಥೆ. ಅಲ್ಲಿ ಕಲ್ಲು ನೆಟ್ಟು ಸೈಟು ಮಾಡಿದಾಗ ಅದು ಇನ್ನೂ ಪಂಚಾಯಿತಿ, ನಗರದ ಲೆಕ್ಕಕ್ಕೇ ಬಂದಿರುವುದಿಲ್ಲ.

ಸರ್ಕಾರದ್ದೇ ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದರ ಮೇಲೆ ಗ್ರಾಮನಕ್ಷೆಯ ಕಾಲುವೆ, ಇಪ್ಪತ್ತು ವರ್ಷ ಹಿಂದಿನ ಚಿತ್ರ, ಈ ವರ್ಷದ ಚಿತ್ರ, ಮೂರನ್ನೂ ಒಂದೇ ಪರದೆಯಲ್ಲಿ ಕನ್ನಡದಲ್ಲಿ ಕೊಡಿ. ಪಂಚಾಯಿತಿ ಕಚೇರಿ ಗೋಡೆಗೂ ಒಂದು ಅಂಟಿಸಿ. ಭಾವನ ಮನೆ ಎದುರಿನ ಸೈಟು ಇನ್ನೂ ಖಾಲಿ ಇದೆ, ಆ ಕಪ್ಪು ಗೆರೆ ಅದರ ಮೇಲೂ ಹಾಯುತ್ತದೆ. ಮೊನ್ನೆ ಹೋದಾಗ ‘ಮಾರಾಟಕ್ಕಿದೆ’ ಅಂತ ಹೊಸ ಬೋರ್ಡು ಹಾಕಿದ್ದರು.

— ಒಬ್ಬ ಓದುಗ, ಆನೇಕಲ್ ತಾಲ್ಲೂಕು